ವರದಾ ಹೊಳೆಗೆ ಒಗೆದ ರೂಪಾಯಿ

ರೈಲು ಸೇತುವೆ ಮೇಲೆ ಬಂದಾಗ ಹೊಳೆಗೆ ಒಂದು ರೂಪಾಯಿ ಒಗೆಯುವುದು ನಮ್ಮವ್ವ ಕಲಿಸಿದ ರೂಢಿ. ತುಂಗಭದ್ರೆ ಇರಲಿ, ವರದೆ ಇರಲಿ, ಹೊಳಿ ಅಂದ ಮೇಲೆ ಬರಿಗೈಲಿ ದಾಟಬಾರದು ಅನ್ನುತ್ತಿದ್ದಳು. ಆ ರೂಪಾಯಿಯ ಸಲುವಾಗಿಯೇ ನನ್ನ ಎಡಗಾಲು ಹೋಯಿತು ಅಂತ ಹೇಳಲಾರೆ. ಆದರೆ ಕಾಲು ಹೋದಾಗ ನನ್ನ ಮುಷ್ಟಿಯಲ್ಲಿ ಅದು ಇತ್ತು. ಆಮೇಲೆ ಹತ್ತಿರ ಹತ್ತಿರ ಮೂರು ವರ್ಷ ರೈಲ್ವೆ ಜೊತೆ ನಡೆದ ವ್ಯವಹಾರದಲ್ಲಿ ನಾನು ಜಾಸ್ತಿ ಹೆದರಿದ್ದು ಅದೇ ಒಂದು ರೂಪಾಯಿಗೆ.

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಪ್ರತಿವರ್ಷ ಫೆಬ್ರವರಿಯಲ್ಲಿ ಬ್ಯಾಡಗಿಗೆ ಹೋಗಿ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತರುತ್ತೇನೆ. ಡಬ್ಬಿ ಮೆಣಸಿನಕಾಯಿ ಬಣ್ಣಕ್ಕೆ, ಕಡ್ಡಿ ಸ್ವಲ್ಪ ಖಾರಕ್ಕೆ. 2022ರಲ್ಲೂ ಹಾಗೇ ಒಂದು ಗುರುವಾರ ಹೋಗಿದ್ದೆ. ಮಾರ್ಕೆಟ್ ದಿನ. ಸಂಜೆ ವಾಪಸ್ ಬರುವ ಗಾಡಿಯ ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನನ್ನ ಹತ್ತಿರ ಒಂದು ಗೋಣಿಚೀಲ ಮೆಣಸಿನಕಾಯಿ, ಒಂದು ಕೈಚೀಲ. ಒಳಗೆ ಇಟ್ಟೆ. ಎರಡೇ ನಿಮಿಷದಲ್ಲಿ ಘಾಟಿಗೆ ಎಲ್ಲರೂ ಕೆಮ್ಮಲು ಶುರು ಮಾಡಿದರು. ಒಂದು ಕೂಸು ಜೋರಾಗಿ ಅಳತೊಡಗಿತು. "ಯಣ್ಣಾ, ಅದನ್ನ ಬಾಗಿಲ ಕಡೆ ಇಡ್ರಿ, ಪುಣ್ಯಾ ಬರ್ತೈತಿ" ಅಂತ ಒಬ್ಬ ಅಕ್ಕ ಹೇಳಿದಳು. ಚೀಲ ಬಾಗಿಲ ಹತ್ತಿರ ಬಂತು. ಚೀಲದ ಹಿಂದೆ ನಾನೂ ಬಂದೆ.

ಹಾವೇರಿ ಬಿಟ್ಟ ಮೇಲೆ ಹುಬ್ಬಳ್ಳಿ ಕಡೆ ಬರುವಾಗ ವರದಾ ಹೊಳೆ ಸಿಗುತ್ತದೆ. ಸೇತುವೆಯ ಸಪ್ಪಳವೇ ಬೇರೆ. ನಿದ್ದೆಯಲ್ಲಿದ್ದರೂ ಗೊತ್ತಾಗುತ್ತದೆ. ಸಪ್ಪಳ ಶುರುವಾಯಿತು, ಜೇಬಿಗೆ ಕೈ ಹಾಕಿದೆ. ಹೊಳೆಯಲ್ಲಿ ನೀರು ಕಡಿಮೆ. ನೀರು ಇದ್ದ ಕಡೆಗೇ ಬೀಳಲಿ ಅಂತ ಸ್ವಲ್ಪ ಕಾದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕಾಲು ಬದಲಿಸಿದರೋ, ಗಾಡಿಯೇ ಎಳೆಯಿತೋ, ನನಗೆ ಇವತ್ತಿಗೂ ತಿಳಿಯದು. ಕಂಬಿ ಹಿಡಿದ ಕೈ ಜಾರಿತು.

ನಾನು ಬಿದ್ದದ್ದು ಸೇತುವೆ ಮುಗಿಯುವ ಕಡೆ, ಜಲ್ಲಿಯ ಇಳಿಜಾರಿನ ಮೇಲೆ. ಹತ್ತಿಪ್ಪತ್ತು ಮಾರು ಮೊದಲೇ ಬಿದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಪಾದ ಜಜ್ಜಿ ಹೋಗಿತ್ತು. ನೋವು ತಕ್ಷಣ ಬರಲಿಲ್ಲ. ಬಾಯಲ್ಲಿ ಮೆಣಸಿನಕಾಯಿ ಘಾಟು ಇನ್ನೂ ಇತ್ತು, ಅದು ಮಾತ್ರ ನೆನಪಿದೆ.

ನನ್ನನ್ನು ಮೊದಲು ನೋಡಿದವನು ರೈಲ್ವೆಯ ಕೀಮನ್. ದಿನಾ ತನ್ನ ಪಾಲಿನ ಹಳಿ ಉದ್ದಕ್ಕೂ ನಡೆದು, ಸಡಿಲಾದ ಕೀಲು ಬಡಿದು ಕೂರಿಸುವ ಮನುಷ್ಯ. ಹೆಗಲ ಮೇಲೆ ಸುತ್ತಿಗೆ, ಕಂಕುಳಲ್ಲಿ ಕೆಂಪು ಹಸಿರು ಬಾವುಟ. ನನ್ನಪ್ಪನ ವಯಸ್ಸು. ಬಂದವನೇ ಬೈದ. "ಬ್ರಿಜ್ ಮ್ಯಾಲೆ ನಡಕೋತ ಹೊಂಟಿದ್ಯೇನೋ ತಮ್ಮಾ? ಎಷ್ಟ್ ಹೇಳಿದ್ರೂ ಕೇಳಂಗಿಲ್ಲಲ್ಲ ನೀವು!" ನಾನು ಇಲ್ಲ ಅಂತ ತಲೆ ಆಡಿಸಿದೆ. "ಗಾಡಿಯಿಂದ" ಅಂತ ಅಂದೆನಂತೆ. ಅಂದೆನಂತೆ ಅಂತ ಯಾಕೆ ಬರೆಯುತ್ತಿದ್ದೇನೆ ಅಂದರೆ, ಅದು ನನಗೆ ನೆನಪಿಲ್ಲ. ಅವನೇ ಆಮೇಲೆ ಹೇಳಿದ್ದು. ಅವನು ಫೋನ್ ಮಾಡಿದ. 108 ಬಂತು. ಹಳಿಯಿಂದ ರಸ್ತೆಯವರೆಗೆ ನನ್ನನ್ನು ಹೊತ್ತವರು ಹೊಲದಲ್ಲಿದ್ದ ನಾಲ್ಕು ಮಂದಿ. ಆಂಬ್ಯುಲೆನ್ಸ್ ಹತ್ತುವಾಗ ಜೊತೆಗೆ ಬಂದವನೂ ಅವರಲ್ಲಿ ಒಬ್ಬ ಹುಡುಗ, ಕೀಮನ್ ಅಲ್ಲ. ಎಲ್ಲಾ ತೊಡಕು ಅಲ್ಲಿಂದ ಶುರು.

ಆಸ್ಪತ್ರೆಯಲ್ಲಿ ಅಪಘಾತದ ಕೇಸು ಬಂದರೆ ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಕೇಸುಗಳ ಪುಸ್ತಕದಲ್ಲಿ, ಬರೆಯುತ್ತಾರೆ. ಹೇಗಾಯಿತು ಅಂತ ಕೇಳುತ್ತಾರೆ. ಪೆಟ್ಟು ತಿಂದವನಿಗೆ ಮಾತು ಬರದಿದ್ದರೆ ಕರಕೊಂಡು ಬಂದವನು ಹೇಳಿದ್ದೇ ಬರಹ. ಆ ಹುಡುಗ ಪಾಪ, ತನಗೆ ತೋಚಿದ್ದು ಹೇಳಿದ. ಅವರ ಊರ ಕಡೆ ಮಂದಿ ಸೇತುವೆ ಮೇಲೆ ನಡೆದು ಹೊಲಕ್ಕೆ ಹೋಗುತ್ತಾರಂತೆ, ಹಾಗಾಗಿ ಬಿದ್ದವನೂ ಹಾಗೇ ಬಿದ್ದಿರಬೇಕು. ಡಾಕ್ಟರು ಬರೆದರು: "ರೈಲ್ವೆ ಬ್ರಿಜ್ ದಾಟುವಾಗ ರೈಲು ಬಡಿದು ಗಾಯ."

'ದಾಟುವಾಗ.' ಆ ಒಂದು ಶಬ್ದವನ್ನು ಅಳಿಸಲು ನನಗೆ 2024ರ ತನಕ ಬೇಕಾಯಿತು.

ಅಲ್ಲಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಕಾಲು ಉಳಿಸಲು ಮೂರು ದಿನ ನೋಡಿದರು. ನಾಲ್ಕನೇ ದಿನ ಮೊಣಕಾಲಿನ ಕೆಳಗೆ ತೆಗೆದರು. ಆ ಭಾಗ ಜಾಸ್ತಿ ಬರೆಯಲು ಮನಸ್ಸಿಲ್ಲ.

ಟಿಕೆಟ್ ಎಲ್ಲಿ ಅಂತ ಎಲ್ಲರೂ ಕೇಳಿದರು. ಟಿಕೆಟ್ ಅಂಗಿಯ ಜೇಬಿನಲ್ಲಿತ್ತು. ಅಂಗಿಯನ್ನು ಆಸ್ಪತ್ರೆಯಲ್ಲಿ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ರಕ್ತ ಹಿಡಿದ ಬಟ್ಟೆ ಕಸಕ್ಕೆ ಹೋಯಿತು, ಟಿಕೆಟ್ಟೂ ಹೋಯಿತು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಒಂದು ಸಾದಾ ಚೀಟಿ. ಅವತ್ತು ಅದರ ಬೆಲೆ ಗೊತ್ತಿರಲಿಲ್ಲ.

ಐದನೇ ದಿನ ರೈಲ್ವೆ ಪೊಲೀಸರು ಬಂದರು. ನನ್ನಂತೆ ನಿಮಗೂ ಗೊಂದಲ ಇರಬಹುದು, ಅದಕ್ಕೆ ಹೇಳುತ್ತೇನೆ: ಆರ್‌ಪಿಎಫ್ ಅಂದರೆ ಕೇಂದ್ರದ್ದು, ರೈಲ್ವೆಯ ಆಸ್ತಿ, ಪ್ರಯಾಣಿಕರನ್ನು ನೋಡಿಕೊಳ್ಳುವ ಪಡೆ. ಕೇಸು ದಾಖಲಿಸಿ ತನಿಖೆ ಮಾಡುವ ರೈಲ್ವೆ ಪೊಲೀಸರು ನಮ್ಮ ರಾಜ್ಯದ ಪೊಲೀಸರೇ. ಬಂದವರು ಆಸ್ಪತ್ರೆಯ ಕಾಗದ ನೋಡಿಕೊಂಡು ಬಂದಿದ್ದರು. ಸೇತುವೆ ಮೇಲೆ ನಡೆದರೆ ಅತಿಕ್ರಮ ಪ್ರವೇಶ, ರೈಲ್ವೆ ಕಾಯ್ದೆಯ 147ನೇ ಕಲಂ, ಆರು ತಿಂಗಳವರೆಗೆ ಜೈಲು ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು ಅಂತ ಹೇಳಿದರು. "ನಿನ್ನ ಮ್ಯಾಲೆ ಕೇಸ್ ಹಾಕಂಗಿಲ್ಲ ಬಿಡು, ಮೊದ್ಲೇ ಕಾಲ್ ಹೋಗೇತಿ. ಇಲ್ಲಿ ಸೈನ್ ಮಾಡು" ಅಂದರು. ಅವರು ಕನಿಕರದಿಂದಲೇ ಅಂದರು ಅಂತ ಈಗಲೂ ನಂಬುತ್ತೇನೆ. ಆದರೆ ಬರೆದು ತಂದಿದ್ದ ಹೇಳಿಕೆಯಲ್ಲೂ ಅದೇ 'ದಾಟುವಾಗ' ಇತ್ತು.

ನಾನು ಸೈನ್ ಹಾಕಲಿಲ್ಲ. ಧೈರ್ಯದಿಂದಲ್ಲ, ಔಷಧದ ಮಂಪರಿನಲ್ಲಿ ಕೈ ನಡುಗುತ್ತಿತ್ತು. ನನ್ನ ಹೆಂಡತಿ ಕಾಗದ ಇಸಗೊಂಡು ಓದಿದಳು. "ಇವ್ರು ಗಾಡ್ಯಾಗಿಂದ ಬಿದ್ದಾರ್ರೀ. ಬ್ಯಾಡಗಿಗೆ ಹೋಗಿದ್ರು. ನಡಕೋತ ಯಾಕ ಹೋಗ್ತಾರ?" ಅಂದಳು. ಹೊಸದಾಗಿ ಬರೆಯಿರಿ ಅಂದಳು. ಅವರು ನಾಳೆ ಬರುತ್ತೇವೆ ಅಂತ ಹೋದರು. ನಾಳೆ ಬರಲಿಲ್ಲ. ಅವಳೇ ಒಂದು ಅರ್ಜಿ ಬರೆದು, ನನ್ನ ಹೆಬ್ಬೆಟ್ಟು ಒತ್ತಿಸಿ, ಠಾಣೆಗೆ ಒಂದು, ಮೇಲಧಿಕಾರಿಗೆ ಒಂದು ರಿಜಿಸ್ಟರ್ಡ್ ಪೋಸ್ಟ್ ಹಾಕಿದಳು. ಸ್ವೀಕೃತಿ ಚೀಟಿ ಬಂದದ್ದನ್ನು ಗ್ಯಾಸ್ ಪುಸ್ತಕದಲ್ಲಿ ಇಟ್ಟಳು. ಅವಳು ಓದಿದ್ದು ಎಸ್ಸೆಸ್ಸೆಲ್ಸಿ. ಖಾನಾವಳಿಯ ಉದ್ರಿ ಲೆಕ್ಕ ಇಟ್ಟೂ ಇಟ್ಟೂ ಕಾಗದದ ಬೆಲೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಒಂಬತ್ತನೇ ದಿನ ಇನ್ನೊಂದು ಕೆಲಸ ಮಾಡಿದಳು. ಮೆಣಸಿನಕಾಯಿ ಚೀಲ ಎಲ್ಲಿ ಹೋಯಿತು ಅಂತ ಯೋಚನೆ ಮಾಡಿದಳು. ಖರೆ ಹೇಳಬೇಕೆಂದರೆ, ಅದು ಸಾಕ್ಷಿ ಅಂತ ಅಲ್ಲ, ಅಷ್ಟು ರೊಕ್ಕ ಕೊಟ್ಟ ಮಾಲು ಅಂತ. ಹುಬ್ಬಳ್ಳಿ ಸ್ಟೇಶನ್ನಿಗೆ ಹೋಗಿ ಕೇಳಿದಳು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಳಿಸಿದರು. ಕೊನೆಗೆ ಒಂದು ಕೋಣೆಯ ಬಾಗಿಲಲ್ಲಿ ನಿಂತಾಗ ಸೀನು ಬಂತಂತೆ. "ಐತ್ರೀ, ಇಲ್ಲೇ ಐತಿ" ಅಂದಳಂತೆ. ಒಳಗಿದ್ದ ಪೊಲೀಸಪ್ಪ ನಕ್ಕು, "ನಿಮ್ದೇನಮ್ಮಾ ಇದು? ಒಂಬತ್ ದಿನದಿಂದ ನಾವ್ ಅಳಾಕತ್ತೀವಿ" ಅಂದನಂತೆ.

ಬೋಗಿಯಲ್ಲಿದ್ದ ಆ ಅಕ್ಕ ನಮ್ಮ ಚೀಲ ಎರಡನ್ನೂ ಹುಬ್ಬಳ್ಳಿಯಲ್ಲಿ ಇಳಿಸಿ, ಪ್ಲಾಟ್‌ಫಾರ್ಮಿನಲ್ಲಿ ಪೊಲೀಸರ ಕೈಗೆ ಕೊಟ್ಟು ಹೋಗಿದ್ದಳು. ರಿಜಿಸ್ಟರಿನಲ್ಲಿ ಬರೆದಿತ್ತು: ಯಾವ ಗಾಡಿ, ಎಷ್ಟು ಗಂಟೆ, ಒಂದು ಚೀಲ ಮೆಣಸಿನಕಾಯಿ, ಸ್ಟೀಲ್ ಡಬ್ಬಿ ಇರುವ ಒಂದು ಕೈಚೀಲ, "ಇದರ ಮಾಲೀಕ ಹೊಳೆ ಹತ್ತಿರ ಗಾಡಿಯಿಂದ ಬಿದ್ದ ಬಗ್ಗೆ ಪ್ರಯಾಣಿಕರು ತಿಳಿಸಿರುತ್ತಾರೆ." ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ನಮ್ಮವ್ವನ ಹೆಸರು ಕೊರೆಸಿತ್ತು. ಹಿಂದಿನ ಕಾಲದವರು ಪಾತ್ರೆ ಅಂಗಡಿಯಲ್ಲಿ ಪ್ರತಿಯೊಂದಕ್ಕೂ ಹೆಸರು ಕೊರೆಸುತ್ತಿದ್ದರಲ್ಲ, ಹಾಗೆ. ಗೋಣಿಚೀಲದ ಬಾಯಲ್ಲಿ ದಲಾಲಿ ಅಂಗಡಿಯ ಚೀಟಿ. ಅದರಲ್ಲಿ ಅವತ್ತಿನ ತಾರೀಖು, ನನ್ನ ಹೆಸರು. ನನ್ನವಳು ಮಾಲು ಬಿಡಿಸಿಕೊಳ್ಳುವ ಮುಂಚೆ ರಿಜಿಸ್ಟರಿನ ಆ ಪುಟದ ಫೋಟೋ ತೆಗೆದಳು, ಸಹಿ ಮಾಡಿಸಿದ ನಕಲನ್ನೂ ಕೇಳಿದಳು. ನಕಲು ಕೊಡಲಿಲ್ಲ. ಫೋಟೋ ಇತ್ತು.

ಆ ಅಕ್ಕನಿಗೂ ಬೋಗಿಯಲ್ಲಿದ್ದ ಉಳಿದವರಿಗೂ ಒಂದು ಮಾತು ಹೇಳಬೇಕಿತ್ತು. ಒಬ್ಬರೂ ಚೈನ್ ಎಳೆಯಲಿಲ್ಲ. ಸುಮ್ಮನೆ ಎಳೆದರೆ 141ನೇ ಕಲಂ ಪ್ರಕಾರ ಶಿಕ್ಷೆ ಇದೆ, ಅದು ಎಲ್ಲರಿಗೂ ಗೊತ್ತು. ತಕ್ಕ ಕಾರಣ ಇಲ್ಲದೆ ಎಳೆದವರಿಗೆ ಮಾತ್ರ ಆ ಶಿಕ್ಷೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಮನುಷ್ಯ ಬಿದ್ದದ್ದಕ್ಕಿಂತ ತಕ್ಕ ಕಾರಣ ಇನ್ನೇನು ಬೇಕು? ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿದ್ದರೂ ಒಂದು ದಾಖಲೆ ಆಗುತ್ತಿತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ. ಚೀಲ ಕದಿಯದೆ ಕೊಟ್ಟು ಹೋದವಳ ಮೇಲೆ ಏನು ದೂರು?

ಆಸ್ಪತ್ರೆಯಲ್ಲೇ ಒಬ್ಬ ಏಜೆಂಟ್ ಗಂಟು ಬಿದ್ದ. ಹಾಸಿಗೆಯಿಂದ ಹಾಸಿಗೆಗೆ ತಿರುಗುವವನು. ರೈಲ್ವೆಯಿಂದ ದುಡ್ಡು ಕೊಡಿಸುತ್ತೇನೆ, ಬಂದದ್ದರಲ್ಲಿ ನೂರಕ್ಕೆ ನಲವತ್ತು ನನಗೆ ಅಂದ. ಹಳೆಯ ಟಿಕೆಟ್ ಒಂದನ್ನು ತಾನೇ ಹೊಂದಿಸುತ್ತೇನೆ ಅಂತಲೂ ಅಂದ. ನನ್ನ ಅಳಿಯ ಅವನನ್ನು ನಂಬಿ ಕಾಗದ ಎಲ್ಲಾ ಕೊಟ್ಟ. ನಾಲ್ಕು ತಿಂಗಳು ಅವನು ಫೋನೇ ಎತ್ತಲಿಲ್ಲ. ಇಂಥ ಅರ್ಜಿಗೆ ಒಂದು ವರ್ಷದ ಗಡುವು ಇದೆ ಅನ್ನುವುದು ಆಗ ನಮಗೆ ಗೊತ್ತಿರಲಿಲ್ಲ. ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು, ಆದರೆ ಅದು ಇನ್ನೊಂದು ಜಗಳ.

ಧಾರವಾಡದ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಅಂತ ಒಂದು ಕಚೇರಿ ಇದೆ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ ಅಂತ ಖಾನಾವಳಿಗೆ ಊಟಕ್ಕೆ ಬರುವ ಮಾಸ್ತರರು ಹೇಳಿದರು. ನಾನು ನಂಬಲಿಲ್ಲ. ಪುಕ್ಕಟೆ ಅಂದರೆ ಹೇಗಿರುತ್ತದೋ ಅಂತ ಅನುಮಾನ. 15100ಕ್ಕೆ ಫೋನ್ ಮಾಡಿ ಕೇಳಿದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಇವರಿಗೆ ವರಮಾನ ನೋಡದೆ ಕೊಡುತ್ತಾರಂತೆ. ಅಂಗವಿಕಲ ಅನ್ನುವ ಪಟ್ಟಿಯಲ್ಲಿ ನಾನೂ ಇದ್ದೇನೆ ಅಂತ ಮೊದಲ ಸಲ ಅರ್ಥವಾದದ್ದು ಆ ಫೋನಿನಲ್ಲಿ. ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನಮಗೆ ಸಿಕ್ಕ ವಕೀಲ ಮೇಡಂ ಮೊದಲು ನನ್ನನ್ನು ಮಾತಾಡಿಸಲೇ ಇಲ್ಲ. ಆಸ್ಪತ್ರೆ ಕಾಗದ ಓದಿದರು. "ಎಲ್ಲಾ ಇಲ್ಲೇ ಕೆಟ್ಟೈತಿ ನೋಡ್ರಿ" ಅಂತ ಪೆನ್ನಿನಿಂದ ಆ ಶಬ್ದ ತೋರಿಸಿದರು. ಆಮೇಲೆ ವಿಷಯ ಬಿಡಿಸಿ ಹೇಳಿದರು. ಓಡುವ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದರೆ ಕಾಯ್ದೆ ಅದನ್ನು 'ಅಹಿತಕರ ಘಟನೆ' ಅನ್ನುತ್ತದೆ. 1989ರ ರೈಲ್ವೆ ಕಾಯ್ದೆಯ 124ಎ ಕಲಂ. ಅದರಲ್ಲಿ ರೈಲ್ವೆಯ ತಪ್ಪಿತ್ತೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಪ್ರಯಾಣಿಕ ಬಿದ್ದನಾ? ಪರಿಹಾರ ಕೊಡಬೇಕು. ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ತನ್ನದೇ ಅಪರಾಧದ ಕೆಲಸ, ಕುಡಿದ ಅಮಲು ಅಥವಾ ಬುದ್ಧಿ ಸ್ಥಿಮಿತ ಇಲ್ಲದಿರುವುದು, ರೋಗ, ಇವು ಕಾರಣವಾದರೆ ಮಾತ್ರ ಇಲ್ಲ. ಸಾವಿಗೆ 8 ಲಕ್ಷ. 2017ರ ಜನವರಿ 1ಕ್ಕೆ ಮುಂಚೆ ಅದು 4 ಲಕ್ಷ ಇತ್ತು. ಕೈಕಾಲು ಹೋದವರಿಗೆ ಬೇರೆ ಪಟ್ಟಿ.

"ಆದ್ರ ನೀವು ಬ್ರಿಜ್ ಮ್ಯಾಲೆ ನಡಕೋತ ಹೋಗಿದ್ರಿ ಅಂತ ಆತಂದ್ರ, ಈ ಕಲಂ ನಿಮಗ ಅಲ್ಲೇ ಅಲ್ಲ. ರೈಲ್ವೆಯವ್ರು ಏನ್ ತಪ್ ಮಾಡ್ಯಾರ ಅಂತ ಸಿವಿಲ್ ಕೋರ್ಟಿನಾಗ ನೀವೇ ಸಾಬೀತ್ ಮಾಡಬೇಕು. ಅತಿಕ್ರಮ ಮಾಡಿದವನ ಮಾತು ಅಲ್ಲಿ ಎಷ್ಟ್ ನಡೀತೈತಿ ಹೇಳ್ರಿ."

ಅದೇ ಸೇತುವೆ, ಅದೇ ಗಾಡಿ, ಅದೇ ಕಾಲು. ಮೇಲಿನಿಂದ ಬಿದ್ದರೆ ಒಂದು, ಕೆಳಗೆ ನಿಂತಿದ್ದರೆ ಇನ್ನೊಂದು.

ಟಿಕೆಟ್ ಇಲ್ಲವಲ್ಲ ಅಂದೆ. ಅದಕ್ಕೆ ಅವರು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ: ಟಿಕೆಟ್ ಸಿಗಲಿಲ್ಲ ಅಂದ ಮಾತ್ರಕ್ಕೆ ಅವನು ಪ್ರಯಾಣಿಕನಲ್ಲ ಅನ್ನುವಂತಿಲ್ಲ. ಮೊದಲು ಅರ್ಜಿದಾರ ಅಫಿಡವಿಟ್ಟಿನಲ್ಲಿ ವಿಷಯ ಹೇಳಬೇಕು. ಆಮೇಲೆ ಅಲ್ಲ ಅಂತ ತೋರಿಸುವ ಭಾರ ರೈಲ್ವೆಯದು. ಮೆಣಸಿನಕಾಯಿಯ ಚೀಟಿ, ರಿಜಿಸ್ಟರಿನ ಫೋಟೋ, ಅವ್ವನ ಡಬ್ಬಿ ನೋಡಿ ಮೇಡಂ ಮೊದಲ ಸಲ ನಕ್ಕರು. "ನಿಮ್ ಮನಿಯವ್ರು ವಕೀಲಕಿ ಕಲೀಬೇಕಿತ್ತು" ಅಂದರು. ಏಜೆಂಟ್ ಹೊಂದಿಸುತ್ತೇನೆ ಅಂದ ಟಿಕೆಟ್ಟಿನ ವಿಷಯ ಹೇಳಿದಾಗ ನಗು ಹೋಯಿತು. ಅದೊಂದು ಸೇರಿಸಿದ್ದರೆ ಖರೆ ಇದ್ದದ್ದೂ ಸುಳ್ಳಾಗುತ್ತಿತ್ತು ಅಂದರು.

ಆಗ ನಾನು ರೂಪಾಯಿ ವಿಷಯ ಹೇಳಲಿಲ್ಲ. ಬಾಗಿಲ ಹತ್ತಿರ ಗದ್ದಲಕ್ಕೆ ನಿಂತಿದ್ದೆ ಅಂತಷ್ಟೇ ಹೇಳಿದೆ.

ಮುಂದೆ ಮಾಹಿತಿ ಹಕ್ಕಿನ ಅರ್ಜಿ. ಇಂಥ ಘಟನೆಯಾದರೆ ರೈಲ್ವೆಯವರೇ ವಿಚಾರಣೆ ಮಾಡಿ ಡಿಆರ್‌ಎಂ ವರದಿ, ಅಂದರೆ ವಿಭಾಗದ ಮುಖ್ಯ ಅಧಿಕಾರಿಯ ವರದಿ, ಅಂತ ತಯಾರಿಸುತ್ತಾರೆ. ಅದಕ್ಕೆ 2003ರ ನಿಯಮ ಇದೆ. ಅದರ ನಕಲು ಬೇಕಿತ್ತು. ನೈಋತ್ಯ ರೈಲ್ವೆಯ ಹೆಡ್ ಆಫೀಸೇ ನಮ್ಮೂರಲ್ಲಿದೆ, ಹುಬ್ಬಳ್ಳಿ ವಿಭಾಗದ ಕಚೇರಿಯೂ ಇಲ್ಲೇ, ನಡೆದು ಹೋಗಿ ಕೊಟ್ಟರಾಯಿತು ಅಂದುಕೊಂಡೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಕೊಟ್ಟೂ ಬಂದೆ. ಆಮೇಲೆ ಗೊತ್ತಾಯಿತು, ಹಾವೇರಿ ಕಡೆಯ ಹಳಿ ಮೈಸೂರು ವಿಭಾಗಕ್ಕೆ ಸೇರಿದ್ದು. ಅರ್ಜಿ ಅಲ್ಲಿಗೆ ಹೋಯಿತು. ಹುಬ್ಬಳ್ಳಿಯಿಂದ ಅಷ್ಟು ಹತ್ತಿರದ ಹೊಳೆಯ ಲೆಕ್ಕ ಮೈಸೂರಿನಲ್ಲಿ!

ವರದಿ ಬಂತು. ಕೊನೆಯ ಪುಟದಲ್ಲಿ ತೀರ್ಮಾನ: ಅರ್ಜಿದಾರ ಸೇತುವೆ ಮೇಲೆ ಅತಿಕ್ರಮವಾಗಿ ನಡೆಯುವಾಗ ಗಾಯಗೊಂಡಂತೆ ಕಾಣುತ್ತದೆ, ಟಿಕೆಟ್ ಸಿಕ್ಕಿಲ್ಲ. ಆಧಾರ: ಆಸ್ಪತ್ರೆ ಕಾಗದ. ಆದರೆ ಜೊತೆಗೆ ಲಗತ್ತಿಸಿದ್ದ ಹೇಳಿಕೆಗಳಲ್ಲಿ ಮೂರನೆಯದು ಕೀಮನ್‌ದು. "ಸದರಿ ಗಾಡಿ ಬರುವ ಸುಮಾರು 20 ನಿಮಿಷ ಮೊದಲು ನಾನು ಸೇತುವೆ ದಾಟಿದ್ದೆ. ಸೇತುವೆ ಮೇಲೆ ಯಾರೂ ಇರಲಿಲ್ಲ. ಗಾಡಿ ಹೋದ ನಂತರ ತಿರುಗಿ ಬಂದಾಗ ವ್ಯಕ್ತಿ ಬಿದ್ದಿದ್ದನು. ಗಾಡಿಯಿಂದ ಬಿದ್ದೆ ಎಂದು ಹೇಳಿದನು." ತಮ್ಮದೇ ನೌಕರನ ಮಾತನ್ನು ಹಚ್ಚಿ, ಅದನ್ನು ಓದದೆ, ಕೊನೆಯ ಪುಟ ಬರೆದಿದ್ದರು. ಮೇಡಂ ಆ ಹಾಳೆಯ ನಾಲ್ಕು ಝೆರಾಕ್ಸ್ ಮಾಡಿಸಿದರು.

2023ರ ಜನವರಿಯಲ್ಲಿ, ಗಡುವು ಮುಗಿಯಲು ಇಪ್ಪತ್ತು ದಿನ ಇರುವಾಗ, ಅರ್ಜಿ ಹಾಕಿದೆವು. ಇಂಥ ಅರ್ಜಿ ಕೇಳುವ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿನ ಪೀಠ ನಮ್ಮ ರಾಜ್ಯಕ್ಕೆ ಬೆಂಗಳೂರಿನಲ್ಲಿದೆ. ಅಲ್ಲಿ ನಿಲ್ಲಲು ಮೇಡಂ ಇನ್ನೊಬ್ಬ ವಕೀಲರನ್ನು ಹುಡುಕಿಕೊಟ್ಟರು. ರೈಲಿನ ಮೇಲೆ ಕೇಸು ನಡೆಸಲು ರೈಲಿನಲ್ಲೇ ಹೋಗಬೇಕು, ಅದೂ ಅದೇ ಸೇತುವೆ ದಾಟಿ. ರಾತ್ರಿ ರಾಣಿ ಚೆನ್ನಮ್ಮ ಗಾಡಿಯಲ್ಲಿ ಹೋಗುವಾಗ ನನ್ನವಳು ನನ್ನನ್ನು ಕೆಳಗಿನ ಬರ್ತಿನಲ್ಲಿ ಒಳಗಡೆ ಮಲಗಿಸಿ, ತಾನು ಅಂಚಿಗೆ ಕೂತಿರುತ್ತಿದ್ದಳು.

ನಡುವೆ ಒಂದು ದಿನ ಕೀಮನ್ ಕಾಕಾ ಖಾನಾವಳಿಗೇ ಬಂದ. ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆಗೆ ಬಂದಿದ್ದನಂತೆ, ವಿಳಾಸ ಕೇಳಿಕೊಂಡು ಬಂದ. ನನಗೆ ಗುರುತೇ ಸಿಗಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದೆವು. ಉಣ್ಣುತ್ತಾ ಸೇತುವೆ ವಿಷಯ ಹೇಳಿದ. ನಾನು ಇಷ್ಟು ವರ್ಷ ಓಡಾಡಿದರೂ ನೋಡದೇ ಇದ್ದದ್ದು.

ಸೇತುವೆಗಳಿಗೆಲ್ಲಾ ನಂಬರ್ ಇರುತ್ತದೆ, ಎರಡೂ ತುದಿಗೆ ಬರೆದಿರುತ್ತಾರೆ. ಅಪಘಾತವಾದರೆ ಫೋನಿನಲ್ಲಿ ಹೊಳೆ ಹತ್ತಿರ, ಬ್ರಿಜ್ ಹತ್ತಿರ ಅಂದರೆ ಯಾರಿಗೂ ತಿಳಿಯುವುದಿಲ್ಲ. ಆ ನಂಬರೋ ಕಿಲೋಮೀಟರ್ ನಂಬರೋ ಹೇಳಿದರೆ ನೇರ ಅಲ್ಲಿಗೇ ಬರುತ್ತಾರೆ. ಕಂಬದ ಮೇಲೆ ಬಣ್ಣದ ಗೆರೆ ಇರುತ್ತದೆ, ನೀರು ಅಲ್ಲಿ ಮುಟ್ಟಿತೆಂದರೆ ಅಪಾಯ. ಮಳೆಗಾಲದಲ್ಲಿ ರಾತ್ರಿಯೆಲ್ಲ ಲಾಟೀನು, ಪಟಾಕಿ ಹಿಡಿದು ಕಾವಲು ತಿರುಗುತ್ತಾರೆ. ಪಟಾಕಿ ಅಂದರೆ ಹಳಿ ಮೇಲೆ ಕಟ್ಟುವುದು. ಗಾಲಿ ಹತ್ತಿದೊಡನೆ ಢಂ ಅನ್ನುತ್ತದೆ, ಡ್ರೈವರ್ ಗಾಡಿ ನಿಲ್ಲಿಸುತ್ತಾನೆ.

"ಬ್ರಿಜ್ ಮ್ಯಾಲೆ ಅಲ್ಲಲ್ಲೆ ಹೊರಗ ಚಾಚಿದ ಕಟ್ಟಿ ಇರತಾವು. ಗಾಡಿ ಬಂತಂದ್ರ ನಾವು ಅದರಾಗ ಸರದ್ ನಿಲ್ತೀವಿ. ಅದು ನಮಗ ಗೊತ್ತು. ಹೊಲಕ್ಕ ಹೋಗೋ ಮಂದಿಗೆ ಎಲ್ಲಿ ಗೊತ್ತು? ಗಾಳಿ ಎದುರಿಗಿತ್ತಂದ್ರ ಗಾಡಿ ಸಪ್ಪಳ ಕಿವಿಗೆ ಬೀಳೂದಿಲ್ಲ ತಮ್ಮಾ. ಸಪ್ಪಳ ಕಿವಿಗೆ ಬಿದ್ದಾಗ ನಡಬರಕ್ ಇರತಾರ. ಮುಂದ ಓಡಬೇಕೋ ಹಿಂದ ಓಡಬೇಕೋ ತಿಳಿಯಂಗಿಲ್ಲ."

ಅಂಥವರನ್ನು ಅವನು ತನ್ನ ಕೈಯಿಂದಲೇ ಎತ್ತಿದ್ದಾನೆ. ಎಷ್ಟು ಮಂದಿ ಅಂತ ನಾನು ಕೇಳಲಿಲ್ಲ. ನನ್ನನ್ನು ನೋಡಿದಾಗ ಅಷ್ಟು ಸಿಟ್ಟು ಯಾಕೆ ಬಂತು ಅಂತ ಆಗ ಗೊತ್ತಾಯಿತು. ಸಾಕ್ಷಿ ಹೇಳಲು ಬೆಂಗಳೂರಿಗೆ ಬರುತ್ತೀರಾ ಅಂದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಇನ್ನ ಎರಡ ವರ್ಷ ನೌಕರಿ ಐತಿ" ಅಂದ. ಮತ್ತೆ ಕೇಳಲಿಲ್ಲ. ಬರೆಸಿದ್ದೇ ದೊಡ್ಡದು.

ಅಂಗವಿಕಲ ಪ್ರಮಾಣಪತ್ರಕ್ಕೆ ಹೋದಾಗ ಡಾಕ್ಟರು ಟೇಪ್ ಹಿಡಿದು ಮೊಣಕಾಲಿನ ಕೆಳಗೆ ಉಳಿದದ್ದನ್ನು ಅಳೆದರು. ಪರಿಹಾರದ ಪಟ್ಟಿಯಲ್ಲಿ ಎಷ್ಟು ಉಳಿದಿದೆ ಅನ್ನುವುದರ ಮೇಲೆ ಮೊತ್ತ ಬದಲಾಗುತ್ತದೆ. ದರ್ಜಿ ಅಂಗಡಿಯಲ್ಲಿ ಪ್ಯಾಂಟಿಗೆ ಅಳತೆ ಕೊಟ್ಟ ಹಾಗಾಯಿತು. ನಾನು ನಕ್ಕೆ. ಡಾಕ್ಟರು ನಗಲಿಲ್ಲ.

2024ರ ಮಾರ್ಚಿನಲ್ಲಿ ನನ್ನ ಸಾಕ್ಷಿ. ಹಿಂದಿನ ದಿನ ಮೇಡಂಗೆ ಫೋನ್ ಮಾಡಿ ರೂಪಾಯಿ ವಿಷಯ ಹೇಳಿಬಿಟ್ಟೆ. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ತಾನೇ ಮಾಡಿಕೊಂಡ ಗಾಯ ಅನ್ನುತ್ತಾರೆ, ಎಲ್ಲಾ ಮುಳುಗುತ್ತದೆ ಅಂತ ಹೆದರಿಕೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇದನ್ನ ಮೊದ್ಲೇ ಹೇಳಬಾರ್ದೇನ್ರೀ" ಅಂದರು. ಆಮೇಲೆ, "ಕೇಳಿದ್ರ ಇದ್ದದ್ದು ಇದ್ದಂಗ ಹೇಳ್ರಿ. ಕೇಳಲಿಲ್ಲಂದ್ರೂ ಬಾಗಿಲದಾಗ ನಿಂತಿದ್ದೆ ಅಂತ ಹೇಳ್ರಿ" ಅಂದರು. 2010ರ ಜಮೀಲಾ ಪ್ರಕರಣದಲ್ಲಿ ಬಾಗಿಲಲ್ಲಿ ನಿಂತು ಬಿದ್ದವನದು ಅಜಾಗ್ರತೆ ಇರಬಹುದು, ಅಪರಾಧದ ಕೆಲಸ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಅದು ನಮ್ಮ ಕೈಯಲ್ಲಿದೆ ಅಂದರು.

ಪೀಠದಲ್ಲಿ ಇಬ್ಬರು. ಒಬ್ಬರು ನ್ಯಾಯಾಂಗದ ಕಡೆಯವರು, ಇನ್ನೊಬ್ಬರು ರೈಲ್ವೆ ತಾಂತ್ರಿಕ ಕಡೆಯವರು. ರೈಲ್ವೆ ವಕೀಲರು ಒಳ್ಳೆ ದನಿಯಲ್ಲೇ ಕೇಳಿದರು. ನೀವು ಸೇತುವೆ ಮೇಲೆ ನಡೆಯುತ್ತಿದ್ದಿರಿ ಅಲ್ವಾ? ಇಲ್ಲ. ಆಸ್ಪತ್ರೆಯಲ್ಲಿ ಹಾಗೆ ಬರೆದಿದೆಯಲ್ಲ? ನಾನು ಬರೆಸಿದ್ದಲ್ಲ. ಒಳಗೆ ಜಾಗ ಇದ್ದರೂ ಬಾಗಿಲಿಗೆ ಯಾಕೆ ಬಂದಿರಿ? ಮೆಣಸಿನಕಾಯಿ ಘಾಟು ಅಂದೆ. ಅಂಚಿಗೆ ಯಾಕೆ ಹೋದಿರಿ?

"ಹೊಳಿಗೆ ರೂಪಾಯಿ ಒಗಿಯಾಕ್ರೀ."

ವಕೀಲರು ಅದನ್ನು ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲ ಹೇಳಿದೆ. ಟೈಪ್ ಮಾಡುವ ಹುಡುಗ ನನ್ನ ಮುಖ ನೋಡಿದ. ತಾಂತ್ರಿಕ ಕಡೆಯವರು ಒಗೆದಿರಾ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಮುಷ್ಟಿ ಬಿಡಿಸಿದಾಗ ಏನೂ ಇರಲಿಲ್ಲವಂತೆ.

ನವೆಂಬರಿನಲ್ಲಿ ಆದೇಶ ಬಂತು. ಇಂಗ್ಲಿಷಿನಲ್ಲಿತ್ತು. ಮೇಡಂ ಓದಿ ಹೇಳಿದರು. ಕೀಮನ್ ಹೇಳಿಕೆ, ರಿಜಿಸ್ಟರಿನ ಬರಹ, ದಲಾಲಿ ಅಂಗಡಿ ಚೀಟಿ, ಅದೇ ದಿನ ಬ್ಯಾಡಗಿಯಲ್ಲಿ ಹುಬ್ಬಳ್ಳಿಗೆ ಟಿಕೆಟ್‌ಗಳು ಮಾರಾಟವಾದ ದಾಖಲೆ, ಎಲ್ಲಾ ನೋಡಿದ್ದರು. ಹೊಳೆಗೆ ನಾಣ್ಯ ಒಗೆಯಲು ಬಾಗಿದ್ದು ಜಾಗ್ರತೆ ತಪ್ಪಿದ್ದು ಇರಬಹುದು, ಬೇಕಂತಲೇ ಮಾಡಿಕೊಂಡ ಗಾಯ ಅಲ್ಲ, ಅರ್ಜಿದಾರ ಪ್ರಯಾಣಿಕ. ಆ ಕೊನೆಯ ಎರಡು ಶಬ್ದ ಎಲ್ಲಿವೆ ತೋರಿಸ್ರಿ ಅಂದೆ. ಬೆರಳು ಇಟ್ಟು ತೋರಿಸಿದರು. ಮೊತ್ತ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಓಣಿಯಲ್ಲಿ ಈಗಾಗಲೇ ಲೆಕ್ಕ ಹಾಕುವವರು ಜಾಸ್ತಿ. ಸ್ವಲ್ಪ ಖಾತೆಗೆ ಬಂತು, ಉಳಿದದ್ದು ಠೇವಣಿಯಲ್ಲಿದೆ. ಏಜೆಂಟ್ ಅಷ್ಟರಲ್ಲಿ ಫೋನ್ ಎತ್ತಲು ಶುರು ಮಾಡಿದ್ದ. ತಾನೇ ಹಚ್ಚುತ್ತಿದ್ದ. ಅಳಿಯ ಅವನ ನಂಬರ್ ಬ್ಲಾಕ್ ಮಾಡಿದ.

ಈಗ ಜೈಪುರ ಕಾಲು ಹಾಕಿಕೊಂಡು ಓಡಾಡುತ್ತೇನೆ. ಬಿಸಿಲಿಗೆ ಒಳಗೆ ಬೆವರುತ್ತದೆ, ಅದೊಂದು ಕಿರಿಕಿರಿ. ಮೆಣಸಿನಕಾಯಿಗೆ ಅಳಿಯ ಹೋಗುತ್ತಾನೆ. ಅವನು ಹೊರಟಾಗೆಲ್ಲ ಟಿಕೆಟ್ ಫೋಟೋ ತೆಗೆದು ಕಳಿಸು ಅನ್ನುತ್ತೇನೆ. ಬೈದುಕೊಂಡೇ ಕಳಿಸುತ್ತಾನೆ.

ಮೊನ್ನೆ ಕುಂದಗೋಳ ಕಡೆಯಿಂದ ಒಬ್ಬಳು ಹೆಣ್ಣುಮಗಳು ಖಾನಾವಳಿಗೆ ಬಂದಳು. ಅವಳ ತಮ್ಮ ಗಾಡಿಯಿಂದ ಬಿದ್ದು ಆಸ್ಪತ್ರೆಯಲ್ಲಿದ್ದಾನಂತೆ, ಯಾರೋ ನನ್ನ ಹೆಸರು ಹೇಳಿದರಂತೆ. ನಿಂತುಕೊಂಡೇ ಅಳಲು ಶುರು ಮಾಡಿದಳು. ಎಷ್ಟು ರೊಕ್ಕ ಬರಬಹುದು, ಯಾರಿಗೆ ಹೇಳಬೇಕು, ಪೊಲೀಸರು ಸೈನ್ ಕೇಳಾಕತ್ತಾರ, ಹಾಕಲೋ ಬೇಡವೋ, ಎಲ್ಲಾ ಒಟ್ಟಿಗೆ ಕೇಳಿದಳು. ನಾನು ಬಾಯಿ ತೆಗೆಯುವ ಮುಂಚೆ ಒಳಗಿನಿಂದ ನನ್ನವಳು ಬಂದಳು. ಕೈ ಹಿಟ್ಟಾಗಿತ್ತು. ಸೆರಗಿಗೆ ಒರೆಸಿಕೊಂಡಳು.

"ಅಳಬ್ಯಾಡವಾ, ಕುಂದರು. ದವಾಖಾನಿ ಕಾಗದ ತಂದೀಯೇನು? ಅದರಾಗ ಏನ್ ಬರದಾರ, ಮೊದ್ಲ ಅದನ್ನ ತೋರ್ಸು."